ಜಾಂಗೋ ಅಡ್ಮಿನ್: ಲೇಖಕರ ಪಟ್ಟಿ ಇರುವ ಪುಟದಲ್ಲಿ ಮಾತ್ರ ಕನ್ನಡ ಟೈಪಿಂಗ್ ಪೆಟ್ಟಿಗೆ ಮುಷ್ಕರ ಹೂಡುತ್ತಿದೆ

ಅಚ್ಚುಮೊಳೆ | ಸೋಮವಾರ, ಬೆಳಿಗ್ಗೆ 11.20

ಬಲ್ಲವರು ದಾರಿ ತೋರಿಸಬೇಕು. ಮೂರು ದಿನದಿಂದ ಒಂದೇ ದೋಷವನ್ನು ನೋಡಿ ನೋಡಿ ಕಣ್ಣು ಮಂಜಾಗಿದೆ.

ಒಂದು ಚಿಕ್ಕ ಪ್ರಕಾಶನದ ಪುಸ್ತಕ ಪಟ್ಟಿಯ ತಾಣವನ್ನು ನೋಡಿಕೊಳ್ಳುತ್ತಿದ್ದೇನೆ. ತಾಣ ಕಟ್ಟಿರುವುದು ಜಾಂಗೋ 4.2ರಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು), ಮಾಹಿತಿ ತುಂಬುವುದು ಅದರದ್ದೇ ಅಡ್ಮಿನ್ ಪುಟಗಳಲ್ಲಿ. ಮಾಹಿತಿ ತುಂಬುವವರು ಅಲ್ಲಿನ ಹಿರಿಯ ಡಿಟಿಪಿ ಆಪರೇಟರ್. ಅವರ ಬೆರಳುಗಳಿಗೆ ನುಡಿ ಕೀಲಿಮಣೆ ಬಿಟ್ಟರೆ ಬೇರೆ ಗೊತ್ತಿಲ್ಲ, ಕಲಿಯುವ ಇರಾದೆಯೂ ಇಲ್ಲ. ಹಾಗಾಗಿ ಶೀರ್ಷಿಕೆ, ವಿವರಣೆಯಂಥ ಜಾಗಗಳಿಗೆ ನಾನೇ ಒಂದು ವಿಜೆಟ್ (ಫಾರ್ಮಿನಲ್ಲಿ ಟೈಪ್ ಮಾಡುವ ಪೆಟ್ಟಿಗೆ) ಮಾಡಿ, ಅದರೊಳಗೆ ವಿಕಿಮೀಡಿಯಾದವರ ಜೆಕ್ವೆರಿ.ಐಎಂಇ (ಬ್ರೌಸರಿನೊಳಗೇ ನಡೆಯುವ ಕೀಲಿಮಣೆ) ಕೂರಿಸಿದೆ. ಕನ್ನಡ ವಿಕಿಪೀಡಿಯದಲ್ಲಿ ಕಂಟ್ರೋಲ್ ಎಂ ಒತ್ತಿದರೆ ಕನ್ನಡ ಬರುತ್ತದಲ್ಲ, ಅದೇ ಪ್ಲಗಿನ್. ವಿಜೆಟ್‌ನ ಮೀಡಿಯಾ ಪಟ್ಟಿಯಲ್ಲಿ (ಪುಟ ತರಿಸಬೇಕಾದ ಫೈಲುಗಳ ಪಟ್ಟಿ) ಮೂರು ಫೈಲುಗಳಿವೆ: ಸಿಡಿಎನ್‌ನಿಂದ (ಇಂಟರ್ನೆಟ್ಟಿನಲ್ಲಿರುವ ಹೊರಗಿನ ಸರ್ವರ್) ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ, ಆಮೇಲೆ ಐಎಂಇ, ಕೊನೆಗೆ ನಾನು ಬರೆದ ಹತ್ತು ಸಾಲಿನ ಸ್ಕ್ರಿಪ್ಟ್.

ಈಗ ತಮಾಷೆ ನೋಡಿ. ಪ್ರಕಾರಗಳ ಪುಟದಲ್ಲಿ (ಕಾದಂಬರಿ, ಕಥೆ, ವಿಮರ್ಶೆ ಇತ್ಯಾದಿ) ಎಲ್ಲ ಸರಿ. ಪುಸ್ತಕದ ಪುಟದಲ್ಲಿ ಪೆಟ್ಟಿಗೆ ಇಂಗ್ಲಿಷನ್ನೇ ಮೂಡಿಸುತ್ತದೆ. ಬ್ರೌಸರಿನ ಕನ್ಸೋಲಿನಲ್ಲಿ (ದೋಷಗಳನ್ನು ತೋರಿಸುವ ಜಾಗ) ‘ಐಎಂಇ ಈಸ್ ನಾಟ್ ಎ ಫಂಕ್ಷನ್’ ಎಂಬ ಕೆಂಪು ಸಾಲು. ಎರಡು ಪುಟಗಳಿಗೂ ಇರುವ ಮುಖ್ಯ ವ್ಯತ್ಯಾಸ ಒಂದೇ: ಪುಸ್ತಕದ ಪುಟದಲ್ಲಿ ಲೇಖಕರನ್ನು ಹುಡುಕಿ ಆರಿಸಲು ಆಟೋಕಂಪ್ಲೀಟ್ ಇಟ್ಟಿದ್ದೇನೆ. ಆ ಪಟ್ಟಿ ಮಾತ್ರ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ!

ಇನ್ನೂ ಎರಡು ವಿಚಿತ್ರಗಳಿವೆ. ನನ್ನ ಲ್ಯಾಪ್‌ಟಾಪಿನಲ್ಲಿ ಪುಸ್ತಕದ ಪುಟದಲ್ಲೂ ಕೀಲಿಮಣೆಯ ಚಿಹ್ನೆ ಬರುತ್ತದೆ, ಅವರ ಕಚೇರಿಯಲ್ಲಿ ಬರುವುದಿಲ್ಲ. ಕಚೇರಿಯಲ್ಲಿ ಹೊರಗಿನ ಇಂಟರ್ನೆಟ್ ಹೋದ ದಿನ (ಸರ್ವರ್ ಅಲ್ಲೇ ಒಳಗಿದೆ) ದೋಷದ ಸಾಲೇ ಬದಲಾಗಿ ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’ ಎನ್ನುತ್ತದೆ. ಭೂತ ಬಿಡಿಸುವವರನ್ನು ಕರೆಸುವುದೊಂದು ಬಾಕಿ.

ಗೋಲಿಸೋಡಾ

ಕ್ಯಾಶ್ ಅಳಿಸಿ ನೋಡಿದಿರಾ?

ಅಚ್ಚುಮೊಳೆ

ಅಳಿಸಿದೆ. ಬ್ರೌಸರ್ ಬದಲಿಸಿದೆ. ಕಂಪ್ಯೂಟರ್ ಬದಲಿಸಿದೆ. ಇನ್ನು ಕಚೇರಿಯನ್ನೇ ಬದಲಿಸಬೇಕಷ್ಟೆ.

ಸಾಲುಮರ

ಊಹೆ ಬೇಡ, ಮೊದಲು ತಲೆ ಎಣಿಸಿ. ಪುಸ್ತಕದ ಪುಟ ತೆರೆದು ಕನ್ಸೋಲಿನಲ್ಲಿ ಎರಡು ಪ್ರಶ್ನೆ ಕೇಳಿ. ಒಂದು: ಜೆಕ್ವೆರಿ ಚುಕ್ಕಿ ಎಫ್‌ಎನ್ ಚುಕ್ಕಿ ಜೆಕ್ವೆರಿ. ಎರಡು: ಅದೇ ಸಾಲಿನ ಮುಂದೆ ಜಾಂಗೋ ಚುಕ್ಕಿ ಸೇರಿಸಿ. ಎರಡೂ ಆವೃತ್ತಿ ಸಂಖ್ಯೆಯನ್ನು ಕೊಡುತ್ತವೆ. ಜಾಂಗೋ 4.2 ತನ್ನ ಜೊತೆಗೇ 3.6.4 ಅನ್ನು ಹೊತ್ತು ತರುತ್ತದೆ. ನೀವು ಸಿಡಿಎನ್‌ನಿಂದ ಯಾವುದನ್ನು ತಂದಿರಿ?

ಅಚ್ಚುಮೊಳೆ

3.7.1 ತಂದಿದ್ದೆ. ಈಗಷ್ಟೇ ಕೇಳಿ ನೋಡಿದೆ. ಹೊರಗಿನ ಜೆಕ್ವೆರಿ 3.6.4 ಎನ್ನುತ್ತಿದೆ. ಜಾಂಗೋದ ಒಳಗಿರುವುದು 3.7.1 ಎನ್ನುತ್ತಿದೆ. ತಿರುಗುಮುರುಗಾಗಿದೆಯಲ್ಲ? ಜಾಂಗೋದ್ದು ಜಾಂಗೋದ ಹತ್ತಿರ, ನನ್ನದು ನನ್ನ ಹತ್ತಿರ ಇರಬೇಕಿತ್ತು.

ಗೋಲಿಸೋಡಾ

ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾದ ಹಾಗೆ.

ಹಳೆಹುಲಿ

ಚಪ್ಪಲಿಗಿಂತ ಬಸ್ಸಿನ ಸೀಟು ಎಂದರೆ ಇನ್ನೂ ಸರಿಹೋಗುತ್ತದೆ. ಮೊಬೈಲಿನಿಂದ ಬರೆಯುತ್ತಿದ್ದೇನೆ, ಕೋಡ್ ಅಂಟಿಸುವ ತಾಳ್ಮೆ ಇಲ್ಲ, ಮಾತಿನಲ್ಲೇ ಹೇಳುತ್ತೇನೆ.

ಡಾಲರ್ ಚಿಹ್ನೆ ಎಂಬುದು ಕಿಟಕಿ ಪಕ್ಕದ ಸೀಟು. ಒಬ್ಬನೇ ಕೂರಬಹುದು. ಜಾಂಗೋದ ಜೆಕ್ವೆರಿ ಬಂದು ಕೂತಿತು. ಹಿಂದೆಯೇ ನಿಮ್ಮ ಸಿಡಿಎನ್ ಜೆಕ್ವೆರಿ ಬಂತು. ಅದಕ್ಕೆ ಒಂದು ಸಂಸ್ಕಾರ ಇದೆ: ಕೂತವನನ್ನು ಎಬ್ಬಿಸುತ್ತದೆ, ಆದರೆ ಎದ್ದವನು ಯಾರು ಎಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತದೆ. ಆಮೇಲೆ ಜಾಂಗೋದ ಜೆಕ್ವೆರಿ.ಇನಿಟ್ ಎಂಬ ಪುಟ್ಟ ಫೈಲು ಬರುತ್ತದೆ. ಅದು ಮಾಡುವುದು ಒಂದೇ ಕೆಲಸ. ಸೀಟಿನಲ್ಲಿ ಇರುವವನಿಗೆ ‘ನೋಕಾನ್‌ಫ್ಲಿಕ್ಟ್ ಟ್ರೂ’ ಎಂದು ಹೇಳಿ, ಎಬ್ಬಿಸಿ, ಜಾಂಗೋ ಎಂಬ ತನ್ನ ಕೋಣೆಗೆ ಕರೆದುಕೊಂಡು ಹೋಗುತ್ತದೆ. ಸೀಟಿನಲ್ಲಿ ಇರುವವನು ತನ್ನವನೇ ಎಂದು ಅದಕ್ಕೆ ಗಾಢ ನಂಬಿಕೆ. ಮುಖ ನೋಡುವುದಿಲ್ಲ.

ನಿಮ್ಮ ಪುಟದಲ್ಲಿ ಸೀಟಿನಲ್ಲಿ ಇದ್ದದ್ದು ಸಿಡಿಎನ್‌ನಿಂದ ಬಂದವನು. ಅವನೇ ಎದ್ದು ಜಾಂಗೋದ ಕೋಣೆಗೆ ಹೋದ. ಹೋಗುವಾಗ ಜೇಬಿನ ಚೀಟಿ ನೋಡಿ ಹಳಬನಿಗೆ ಸೀಟು ಬಿಟ್ಟುಕೊಟ್ಟ. ಹೀಗಾಗಿ 3.7.1 ಒಳಗೆ, 3.6.4 ಹೊರಗೆ.

ಇನ್ನು ಪ್ಲಗಿನ್‌ಗಳು. ಅವು ಬುತ್ತಿ ಗಂಟು ಇದ್ದ ಹಾಗೆ. ತಾವು ಬಂದ ಕ್ಷಣದಲ್ಲಿ ಸೀಟಿನಲ್ಲಿ ಯಾರಿರುತ್ತಾರೋ ಅವರ ಮಡಿಲಿಗೆ ಬೀಳುತ್ತವೆ. ಆಮೇಲೆ ಅವನು ಎಲ್ಲಿಗೆ ಹೋದರೆ ಗಂಟೂ ಅಲ್ಲಿಗೆ. ಪುಸ್ತಕದ ಪುಟದಲ್ಲಿ ಸೆಲೆಕ್ಟ್2 (ಆಟೋಕಂಪ್ಲೀಟ್ ನಡೆಯುವುದು ಅದರಿಂದಲೇ) ಮತ್ತು ನಿಮ್ಮ ಐಎಂಇ ಎರಡೂ 3.7.1ರ ಮಡಿಲಿಗೆ ಬಿದ್ದವು. ಅವನು ಎದ್ದು ಹೋದ. ನಿಮ್ಮ ಸ್ಕ್ರಿಪ್ಟ್ ಬಂದು ಸೀಟಿನಲ್ಲಿದ್ದ ಹಳಬನನ್ನು ‘ಐಎಂಇ ಕೊಡಪ್ಪಾ’ ಎಂದು ಕೇಳಿತು. ಅವನ ಕೈ ಖಾಲಿ.

ಬಾಳೆಕಾಯಿಬಜ್ಜಿ

ಸರ್, ಹದಿನೈದು ವರ್ಷದಿಂದ ಜೆಕ್ವೆರಿ ಬಳಸುತ್ತಿದ್ದೇನೆ. ನೋಕಾನ್‌ಫ್ಲಿಕ್ಟ್ ಏನು ಮಾಡುತ್ತದೆ ಎಂದು ಇವತ್ತು ಅರ್ಥವಾಯಿತು.

ಮಧ್ಯರಾತ್ರಿ_ಡಿಪ್ಲಾಯ್

ಚೆನ್ನಾಗಿದೆ. ಆದರೆ ಪ್ರಕಾರಗಳ ಪುಟದಲ್ಲೂ ಎರಡು ಜೆಕ್ವೆರಿ ಇದೆಯಲ್ಲ, ಅಲ್ಲಿ ಹೇಗೆ ನಡೆಯುತ್ತಿದೆ? ಹಳೆಹುಲಿಯವರ ಬಸ್ಸು ಆ ಊರಿಗೆ ಹೋಗುವುದಿಲ್ಲವೇ?

ನೀಲಿಶಾಯಿ

ಹೋಗುತ್ತದೆ, ಬೇರೆ ರೂಟಿನಲ್ಲಿ. ಅಡ್ಮಿನ್‌ನಲ್ಲಿ ವಿಜೆಟ್ ಬರೆಯುವವರು ಗಮನಿಸದೆ ಬಿಡುವ ಜಾಗವೇ ಇದು.

ಪ್ರತಿ ವಿಜೆಟ್ ತನ್ನ ಮೀಡಿಯಾ ಪಟ್ಟಿಯನ್ನು ಕೊಡುತ್ತದೆ. ಅಡ್ಮಿನ್ ಪುಟ ತನ್ನದೊಂದನ್ನು ಸೇರಿಸುತ್ತದೆ. ಜಾಂಗೋ ಇವನ್ನೆಲ್ಲ ಒಂದರ ಕೆಳಗೊಂದು ಜೋಡಿಸುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗೆ ಮಾಡುವುದಿಲ್ಲ. ಪ್ರತಿ ಪಟ್ಟಿಯೊಳಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನಷ್ಟೇ ಕಾಪಾಡಿ, ಪಟ್ಟಿಗಳನ್ನು ಪದರ ಪದರವಾಗಿ ಹೆಣೆಯುತ್ತದೆ. ಜಡೆ ಹಾಕಿದ ಹಾಗೆ. ಎಲ್ಲ ಪಟ್ಟಿಗಳ ತಲೆ ಮೊದಲ ಪದರ, ಅವುಗಳ ನಂತರದವು ಎರಡನೆಯ ಪದರ, ಹೀಗೆ.

ಪ್ರಕಾರಗಳ ಪುಟದಲ್ಲಿ ಹೆಣೆದಾಗ ಬರುವ ಕ್ರಮ: ಜಾಂಗೋದ ಜೆಕ್ವೆರಿ, ಸಿಡಿಎನ್ ಜೆಕ್ವೆರಿ, ಇನಿಟ್, ಐಎಂಇ, ಆಮೇಲೆ ನಿಮ್ಮ ಸ್ಕ್ರಿಪ್ಟ್. ಅಂದರೆ ಸೀಟು ಹಳಬನಿಗೆ ವಾಪಸ್ ಹೋದ ಮೇಲೆ ಐಎಂಇ ಬಂತು, ಅವನ ಮಡಿಲಿಗೇ ಬಿತ್ತು. ನಿಮ್ಮ ಸ್ಕ್ರಿಪ್ಟ್ ಕೇಳಿದ್ದೂ ಅವನನ್ನೇ. ಕೆಲಸವಾಯಿತು. ಅದೃಷ್ಟದಿಂದ.

ಪುಸ್ತಕದ ಪುಟದಲ್ಲಿ ಆಟೋಕಂಪ್ಲೀಟ್ ತನ್ನ ಪಟ್ಟಿಯನ್ನು ತರುತ್ತದೆ: ಜೆಕ್ವೆರಿ, ಸೆಲೆಕ್ಟ್2, ಆಮೇಲೆ ಇನಿಟ್, ಆಮೇಲೆ ಆಟೋಕಂಪ್ಲೀಟ್. ಸೆಲೆಕ್ಟ್2 ಅನ್ನು ಇನಿಟ್‌ಗಿಂತ ಮುಂಚೆ ಇಟ್ಟಿರುವುದು ಬೇಕೆಂದೇ. ಇಲ್ಲದಿದ್ದರೆ ಅದು ಜಾಂಗೋದ ಜೆಕ್ವೆರಿಗೆ ಅಂಟುವುದೇ ಇಲ್ಲ. ಇದರಿಂದ ಇನಿಟ್ ಒಂದು ಪದರ ಕೆಳಗೆ ಸರಿಯಿತು. ಐಎಂಇ ಅದಕ್ಕಿಂತ ಮೇಲೆ ಬಂತು. ಉಳಿದ ಕಥೆಯನ್ನು ಹಳೆಹುಲಿಯವರು ಹೇಳಿದ್ದಾರೆ.

ಇಂಟರ್ನೆಟ್ ಇಲ್ಲದ ದಿನ ಸಿಡಿಎನ್‌ನವನು ಬಸ್ಸನ್ನೇ ಹತ್ತಲಿಲ್ಲ. ಇದ್ದ ಒಬ್ಬನನ್ನು ಇನಿಟ್ ಒಳಗೆ ಕರೆದುಕೊಂಡು ಹೋಯಿತು. ಸೀಟು ಖಾಲಿ, ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’.

ಮಧ್ಯರಾತ್ರಿ_ಡಿಪ್ಲಾಯ್

ಒಪ್ಪಿದೆ. ಹಾಗಾದರೆ ಲ್ಯಾಪ್‌ಟಾಪಿನ ಭೂತವನ್ನು ನಾನು ಬಿಡಿಸುತ್ತೇನೆ. ಅಚ್ಚುಮೊಳೆಯವರೇ, ನಿಮ್ಮ ಬ್ರೌಸರಿನ ಭಾಷೆ ಇಂಗ್ಲಿಷ್, ಕಚೇರಿಯದ್ದು ಕನ್ನಡ, ತಾಣದಲ್ಲಿ ಲೊಕೇಲ್ ಮಿಡಲ್‌ವೇರ್ (ಬ್ರೌಸರಿನ ಭಾಷೆ ನೋಡಿ ತಾಣದ ಭಾಷೆ ಬದಲಿಸುವ ಭಾಗ) ಚಾಲೂ ಇದೆ. ಹೌದೋ ಅಲ್ಲವೋ? ಮತ್ತೆ ನಿಮ್ಮ ಸ್ಕ್ರಿಪ್ಟನ್ನು ಒಂದು ಫಂಕ್ಷನ್ನಿನೊಳಗೆ ಸುತ್ತಿ ಜೆಕ್ವೆರಿಯನ್ನು ಡಾಲರ್ ಹೆಸರಿನಲ್ಲಿ ಒಳಗೆ ಕೊಟ್ಟಿದ್ದೀರಿ.

ಅಚ್ಚುಮೊಳೆ

ಎಲ್ಲವೂ ಹೌದು. ಜಾತಕ ಓದಿದ ಹಾಗೆ ಹೇಳುತ್ತಿದ್ದೀರಿ!

ಮಧ್ಯರಾತ್ರಿ_ಡಿಪ್ಲಾಯ್

ಸೆಲೆಕ್ಟ್2ಗೆ ಭಾಷೆಗೊಂದು ಅನುವಾದದ ಫೈಲು ಇದೆ. ಇಂಗ್ಲಿಷಿಗೆ ಇದೆ, ಹಿಂದಿಗೆ ಇದೆ, ಕನ್ನಡಕ್ಕೆ ಇಲ್ಲ. ಇಂಗ್ಲಿಷ್ ಅಡ್ಮಿನ್‌ನಲ್ಲಿ ಆ ಫೈಲು ಸೆಲೆಕ್ಟ್2ಗೂ ಇನಿಟ್‌ಗೂ ನಡುವೆ ನುಗ್ಗುತ್ತದೆ. ಇನಿಟ್ ಮತ್ತೊಂದು ಪದರ ಕೆಳಗೆ. ಆಗ ನಿಮ್ಮ ಸ್ಕ್ರಿಪ್ಟ್ ಇನಿಟ್‌ಗಿಂತ ಮುಂಚೆಯೇ ಓಡಿ, ಸೀಟಿನಲ್ಲಿದ್ದ 3.7.1ರ ಕೈ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಅವನು ಎದ್ದು ಹೋದರೂ ನೀವು ಕೈ ಬಿಟ್ಟಿಲ್ಲ. ಕನ್ನಡದ ಅಡ್ಮಿನ್‌ನಲ್ಲಿ ಆ ಫೈಲು ಬರುವುದಿಲ್ಲ, ಇನಿಟ್ ಮೊದಲಾಗುತ್ತದೆ, ನಿಮ್ಮ ಕೈಗೆ ಸಿಗುವುದು ಖಾಲಿ ಕೈಯವನು.

ನಂಬಿಕೆ ಇಲ್ಲದಿದ್ದರೆ ಎರಡು ಭಾಷೆಯಲ್ಲೂ ಪುಟದ ಮೂಲ ತೆರೆದು ಸ್ಕ್ರಿಪ್ಟ್ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಅಚ್ಚುಮೊಳೆ

ನೋಡಿದೆ. ನೀವು ಹೇಳಿದ ಹಾಗೆಯೇ ಇದೆ, ಒಂದು ಸಾಲು ಆಚೀಚೆ ಇಲ್ಲ. ಕನ್ನಡದ ಕೆಲಸ ಕನ್ನಡದ ಪರದೆಯಲ್ಲಿ ಮಾತ್ರ ಕೆಡುತ್ತಿತ್ತು ಎಂದರೆ ಯಾರಿಗೆ ಹೇಳುವುದು.

ಕೊಡಚಾದ್ರಿ

ಇದಕ್ಕೆಲ್ಲ ಮೂಲ 2006ರಲ್ಲಿದೆ. ಡಾಲರ್ ಚಿಹ್ನೆಯನ್ನು ಮೊದಲು ಹಿಡಿದಿದ್ದು ಪ್ರೊಟೊಟೈಪ್ ಲೈಬ್ರರಿ, ಅದು 2005ರದ್ದು. ಮರುವರ್ಷ ಜಾನ್ ರೆಸಿಗ್ ಜೆಕ್ವೆರಿ ತಂದಾಗ ಆ ಚಿಹ್ನೆಯನ್ನೇ ತೆಗೆದುಕೊಂಡರು. ಜಗಳ ಆಗುವುದು ಖಚಿತವಿತ್ತು, ಅದಕ್ಕೇ ನೋಕಾನ್‌ಫ್ಲಿಕ್ಟ್. ಆ ಕಾಲದಲ್ಲಿ ನಾವು ಒಂದೇ ಪುಟದಲ್ಲಿ ಪ್ರೊಟೊಟೈಪ್, ಮೂಟೂಲ್ಸ್, ಜೆಕ್ವೆರಿ ಮೂರನ್ನೂ ಹಾಕಿ ದೇವರ ಮೇಲೆ ಭಾರ ಹಾಕುತ್ತಿದ್ದೆವು.

ಮೂಟೂಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಅರೇಯ ಮೂಲಕ್ಕೇ ಕೈ ಹಾಕಿ ‘ಫ್ಲ್ಯಾಟನ್’ ಸೇರಿಸಿತ್ತು. 2018ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ಅದೇ ಹೆಸರಿನ ಸೌಲಭ್ಯ ತರಲು ಹೊರಟಾಗ ಹಳೆಯ ತಾಣಗಳು ಮುರಿಯುತ್ತವೆ ಎಂದು ಗೊತ್ತಾಯಿತು. ‘ಸ್ಮೂಶ್’ ಎಂದು ಕರೆಯೋಣ ಎಂಬ ತಮಾಷೆಯ ಸಲಹೆಗೆ ಜಗತ್ತೆಲ್ಲ ಕಿತ್ತಾಡಿ, ಕೊನೆಗೆ ಇಸಿಎಂಎಸ್ಕ್ರಿಪ್ಟ್ 2019ರಲ್ಲಿ ‘ಫ್ಲ್ಯಾಟ್’ ಎಂಬ ಹೆಸರಿನಲ್ಲಿ ಬಂತು. ಒಂದು ಹಳೆಯ ಲೈಬ್ರರಿಯ ದೆಸೆಯಿಂದ ಭಾಷೆಯ ಪದವೇ ಬದಲಾಯಿತು.

ಗೋಲಿಸೋಡಾ

ಅದೆಲ್ಲ ಸರಿ, ಅಚ್ಚುಮೊಳೆಯವರ ಪುಸ್ತಕದ ಪುಟ ಯಾವಾಗ ಸರಿಯಾಗುತ್ತದೆ?

ನೀಲಿಶಾಯಿ

ಈಗಲೇ. ಸಿಡಿಎನ್ ಸಾಲನ್ನು ಕಿತ್ತುಹಾಕಿ. ಎರಡನೆಯ ಜೆಕ್ವೆರಿ ನಿಮಗೆ ಬೇಕಾಗಿಯೇ ಇಲ್ಲ. ಆಟೋಕಂಪ್ಲೀಟ್ ಮಾಡಿದ ಹಾಗೆಯೇ ಮಾಡಿ. ನಿಮ್ಮ ವಿಜೆಟ್‌ನ ಪಟ್ಟಿ ಹೀಗಿರಲಿ: ಅಡ್ಮಿನ್‌ನ ಜೆಕ್ವೆರಿ, ಐಎಂಇ, ಅಡ್ಮಿನ್‌ನ ಇನಿಟ್, ನಿಮ್ಮ ಸ್ಕ್ರಿಪ್ಟ್. ನಿಮ್ಮ ಸ್ಕ್ರಿಪ್ಟಿಗೆ ಸುತ್ತಿರುವ ಫಂಕ್ಷನ್ನಿಗೆ ಜೆಕ್ವೆರಿಯ ಬದಲು ಜಾಂಗೋ.ಜೆಕ್ವೆರಿ ಕೊಡಿ. ಎಷ್ಟೇ ಜಡೆ ಹಾಕಿದರೂ ಐಎಂಇ ಇನಿಟ್‌ಗಿಂತ ಮೇಲೆಯೇ, ಸ್ಕ್ರಿಪ್ಟ್ ಇನಿಟ್‌ಗಿಂತ ಕೆಳಗೆಯೇ ಇರುತ್ತದೆ. ಭಾಷೆ ಯಾವುದಾದರೂ ಇರಲಿ.

ಸಾಲುಮರ

ಒಂದು ಮಾತು ಸೇರಿಸಿ. ಅಡ್ಮಿನ್‌ನ ಜೆಕ್ವೆರಿಗೆ ಎರಡು ಹೆಸರಿದೆ. ಡೀಬಗ್ (ದೋಷ ಹುಡುಕುವಾಗಿನ ಸೆಟ್ಟಿಂಗ್) ಆನ್ ಇದ್ದರೆ ಬಿಡಿಸಿ ಬರೆದ ಫೈಲು, ಆಫ್ ಇದ್ದರೆ ಮಿನ್ ಎಂಬ ಬಾಲ ಇರುವ ಫೈಲು. ನೀವು ಮಿನ್ ಎಂದೇ ಗಟ್ಟಿಯಾಗಿ ಬರೆದರೆ ನಿಮ್ಮ ಯಂತ್ರದಲ್ಲಿ ಎರಡೂ ಬರುತ್ತವೆ, ಮತ್ತೆ ಇಬ್ಬರು ಪ್ರಯಾಣಿಕರು, ಮತ್ತೆ ಸೀಟಿನ ಜಗಳ. ಒಳಗಿನ ಮೀಡಿಯಾ ಕ್ಲಾಸ್ ಬಿಟ್ಟು, ಮೀಡಿಯಾ ಎಂಬ ಪ್ರಾಪರ್ಟಿ ಬರೆದು, ಡೀಬಗ್ ನೋಡಿ ಹೆಸರು ಆರಿಸಿ. ಜಾಂಗೋದ ಆಟೋಕಂಪ್ಲೀಟ್ ಕೋಡಿನಲ್ಲೂ ಹಾಗೇ ಇದೆ.

ಬಾಳೆಕಾಯಿಬಜ್ಜಿ

ಇಷ್ಟೆಲ್ಲ ಏಕೆ? ನಾನು ಮಾಡುವುದು ಒಂದು ಸಾಲಿನ ಫೈಲು: ಜಾಂಗೋ.ಜೆಕ್ವೆರಿಯನ್ನು ತೆಗೆದು ಮತ್ತೆ ವಿಂಡೋದ ಜೆಕ್ವೆರಿಗೆ ಹಚ್ಚಿಬಿಡುವುದು. ಇನಿಟ್ ಆದ ಮೇಲೆ ಅದನ್ನು ಹಾಕಿ, ಆಮೇಲೆ ಯಾವ ಪ್ಲಗಿನ್ ಬೇಕಾದರೂ ಹಾಕಿ. ಐದು ಪ್ರಾಜೆಕ್ಟ್‌ಗಳಲ್ಲಿ ಓಡುತ್ತಿದೆ. ಮಿನ್ ಬಾಲದ ರಗಳೆಯೂ ಇಲ್ಲ.

ನೀಲಿಶಾಯಿ

ಜಾಂಗೋ ಕಷ್ಟಪಟ್ಟು ಖಾಲಿ ಮಾಡಿದ ಸೀಟಿಗೆ ಮತ್ತೆ ಟವೆಲ್ ಹಾಕುತ್ತಿದ್ದೀರಿ. ಬೇರೆ ಯಾವುದೋ ಪ್ಯಾಕೇಜ್ ತನ್ನ ಜೆಕ್ವೆರಿ ತಂದ ದಿನ ಗೊತ್ತಾಗುತ್ತದೆ.

ಬಾಳೆಕಾಯಿಬಜ್ಜಿ

ಆ ದಿನ ಬರಲಿ, ನೋಡೋಣ. ಶುದ್ಧಾಚಾರ ನಿಮ್ಮಲ್ಲಿರಲಿ, ನನಗೆ ಸಂಜೆ ಆರಕ್ಕೆ ಮನೆಗೆ ಹೋಗಬೇಕು.

ಹಳೆಹುಲಿ

ಇಬ್ಬರ ವಿಧಾನವೂ ನಡೆಯುತ್ತದೆ, ಒಂದೇ ಪ್ರಾಜೆಕ್ಟಿನಲ್ಲಿ ಬೆರೆಸದಿದ್ದರೆ. ಒಬ್ಬರ ವಿಜೆಟ್ ಐಎಂಇ ಆಮೇಲೆ ಇನಿಟ್ ಎನ್ನುತ್ತದೆ, ಇನ್ನೊಬ್ಬರ ವಿಜೆಟ್ ಇನಿಟ್ ಆಮೇಲೆ ಐಎಂಇ ಎನ್ನುತ್ತದೆ. ಜಾಂಗೋ ಯಾರ ಮಾತು ಕೇಳಬೇಕು? ಟರ್ಮಿನಲ್‌ನಲ್ಲಿ ಮೀಡಿಯಾ ಆರ್ಡರ್ ಕಾನ್‌ಫ್ಲಿಕ್ಟ್ ವಾರ್ನಿಂಗ್ ಎಂದು ಒಂದು ಸಾಲು ಹಾಕಿ, ಫೈಲುಗಳನ್ನು ಕಂಡ ಕ್ರಮದಲ್ಲಿ ಸುರಿದುಬಿಡುತ್ತದೆ. ನಾನು ಸೇರಿದ ಒಂದು ತಂಡದಲ್ಲಿ ಆ ಸಾಲು ಎಷ್ಟು ಕಾಲದಿಂದ ಬರುತ್ತಿತ್ತೋ, ‘ಅದು ಯಾವಾಗಲೂ ಬರುತ್ತದೆ’ ಎಂದರು. ಅಂಗಡಿ ಮುಂದಿನ ನಾಯಿಯ ಬಗ್ಗೆ ಹೇಳುವ ಹಾಗೆ.

ತೆಂಗಿನಗರಿ

ಜೆಕ್ವೆರಿಯನ್ನೇ ಬಿಟ್ಟರೆ ಈ ಜಗಳವೇ ಇರುವುದಿಲ್ಲ. ಈ ಕಾಲದಲ್ಲಿ ಶುದ್ಧ ಜಾವಾಸ್ಕ್ರಿಪ್ಟ್ ಬರೆಯಲು ಏನು ಕಷ್ಟ?

ಅಚ್ಚುಮೊಳೆ

ಕಷ್ಟ ನನ್ನದಲ್ಲ, ಐಎಂಇಯದು. ಅದರ ಹೆಸರಿನಲ್ಲೇ ಜೆಕ್ವೆರಿ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆಯ ನಿಯಮಗಳನ್ನೆಲ್ಲ, ಒತ್ತಕ್ಷರ ಅರ್ಕಾವತ್ತು ಸಮೇತ, ನಾನು ಮತ್ತೆ ಬರೆಯಲೇ?

ತೆಂಗಿನಗರಿ

ಬ್ರೌಸರಿನೊಳಗೆ ಕೀಲಿಮಣೆ ಇಡುವುದೇ ತಪ್ಪು. ವಿಂಡೋಸ್‌ನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಇದೆ, ಲಿಪ್ಯಂತರಣವೂ ಇದೆ. ಲಿನಕ್ಸ್‌ನಲ್ಲಿ ಐಬಸ್ ಇದೆ. ಒಮ್ಮೆ ಹಾಕಿಕೊಟ್ಟರೆ ಎಲ್ಲ ಕಡೆಯೂ ನಡೆಯುತ್ತದೆ.

ಅಚ್ಚುಮೊಳೆ

ಅವರಿಗೆ ಕೆಜಿಪಿ ವಿನ್ಯಾಸವೇ ಬೇಕು, ಅಂದರೆ ಅದೇ ಕೆ.ಪಿ. ರಾವ್ ಕೀಲಿಮಣೆ, ನುಡಿಯದ್ದೂ ಅದೇ. ಅವರ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶವೂ ಇದೆ. ಆದರೆ ಅವರು ಅದನ್ನು ಹಳೆಯ ಆನ್ಸಿ (ಯೂನಿಕೋಡ್‌ಗಿಂತ ಮುಂಚಿನ) ಅಕ್ಷರದ ಸ್ಥಿತಿಯಲ್ಲೇ ಇಟ್ಟಿರುತ್ತಾರೆ, ಪೇಜ್‌ಮೇಕರ್ ಫೈಲುಗಳಿಗಾಗಿ. ಯೂನಿಕೋಡ್‌ಗೆ ಬದಲಿಸುವುದನ್ನು ಮರೆತು ಅಡ್ಮಿನ್‌ನಲ್ಲಿ ಹೊಡೆದರೆ, ಪುಸ್ತಕದ ಹೆಸರಿನ ಜಾಗದಲ್ಲಿ ಯುರೋಪಿನ ಟೊಪ್ಪಿ ಹಾಕಿದ ಅಕ್ಷರಗಳ ಸಂತೆ ನೆರೆಯುತ್ತದೆ. ಒಂದು ಇಡೀ ಮಧ್ಯಾಹ್ನದ ಕೆಲಸ ಹಾಗೆ ಹೋಗಿದೆ. ಈ ವಿಜೆಟ್ ಹುಟ್ಟಿದ್ದೇ ಅದರಿಂದ.

ಕೊಡಚಾದ್ರಿ

ಆನ್ಸಿ ಪಠ್ಯದ ವಿಷಯಕ್ಕೆ ಬಂದರೆ ಬೇರೆಯದೇ ಚರ್ಚೆ ಬೇಕು. ನಮ್ಮಲ್ಲಿ ಹಳೆಯ ಸಂಚಿಕೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ಇದ್ದ ಪದಗಳನ್ನೆಲ್ಲ ಕೈಯಾರೆ ನೋಡಬೇಕಾಯಿತು. ‘ಸೂರ್ಯ’ನೇ ತಲೆಕೆಳಗಾಗಿ ನಿಂತಿದ್ದ.

ಮಧ್ಯರಾತ್ರಿ_ಡಿಪ್ಲಾಯ್

ದಾರಿ ತಪ್ಪುತ್ತಿದೆ, ಆದರೂ ನನ್ನದೊಂದು ಇರಲಿ. ವರ್ಡ್‌ಪ್ರೆಸ್‌ನಲ್ಲೂ ಇದೇ ಪಾಡು. ಅಲ್ಲಿ ಜೆಕ್ವೆರಿ ಬರುವುದೇ ನೋಕಾನ್‌ಫ್ಲಿಕ್ಟ್ ಸ್ಥಿತಿಯಲ್ಲಿ, ಡಾಲರ್ ಇರುವುದಿಲ್ಲ. 2020ರ ಆಗಸ್ಟ್‌ನಲ್ಲಿ 5.5 ಆವೃತ್ತಿ ಬಂದಾಗ ಜೆಕ್ವೆರಿ ಮೈಗ್ರೇಟ್ ಎಂಬ ಊರುಗೋಲನ್ನು ತೆಗೆದರು. ನಾನು ನೋಡಿಕೊಳ್ಳುತ್ತಿದ್ದ ಒಂದು ಸುದ್ದಿತಾಣದ ಅಡ್ಮಿನ್‌ನಲ್ಲಿ ಚಿತ್ರ ಸೇರಿಸುವ ಗುಂಡಿ ಸತ್ತುಹೋಯಿತು. ಯಾರೋ ಬರೆದ ವಿಜೆಟ್‌ನಲ್ಲಿ ‘ಲೈವ್’ ಎಂಬ ಹಳೆಯ ವಿಧಾನ ಇತ್ತು. ಅದನ್ನು ಜೆಕ್ವೆರಿಯವರು 1.9ರಲ್ಲೇ ಕೈಬಿಟ್ಟಿದ್ದರು. ಊರುಗೋಲಿನ ಮೇಲೆ ಅಷ್ಟು ವರ್ಷ ನಡೆದಿತ್ತು. ನನ್ನ ಹೆಸರು ಬಂದದ್ದು ಆ ರಾತ್ರಿಯಿಂದಲೇ.

ಸಾಲುಮರ

ನನ್ನದು ಮೊನಾಕೊ ಎಂಬ ಕೋಡ್ ಎಡಿಟರ್. ಟೆಂಪ್ಲೇಟ್ ತಿದ್ದಲು ಅಡ್ಮಿನ್‌ನಲ್ಲಿ ಕೂರಿಸಿದೆ. ಅದರ ಲೋಡರ್ ‘ಡಿಫೈನ್’ ಎಂಬ ಜಾಗತಿಕ ಫಂಕ್ಷನ್ ಇಡುತ್ತದೆ. ಅದಾದ ಮೇಲೆ ಬಂದ ಪ್ಲಗಿನ್‌ಗಳೆಲ್ಲ ‘ಓಹೋ, ಇಲ್ಲಿ ಎಎಂಡಿ (ಸ್ಕ್ರಿಪ್ಟ್ ಭಾಗಗಳನ್ನು ತರಿಸುವ ಇನ್ನೊಂದು ಪದ್ಧತಿ) ಇದೆ’ ಎಂದುಕೊಂಡು ಜೆಕ್ವೆರಿಗೆ ಅಂಟುವುದನ್ನೇ ಬಿಟ್ಟು ಡಿಫೈನ್ ಬಾಗಿಲು ಬಡಿಯುತ್ತವೆ. ದೋಷದ ಸಾಲಿನಲ್ಲಿ ಜೆಕ್ವೆರಿಯ ಹೆಸರೇ ಇರುವುದಿಲ್ಲ, ಅನಾಮಧೇಯ ಡಿಫೈನ್ ಒಂದೇ ಇರಬೇಕು ಎಂದು ಏನೋ ಗೊಣಗುತ್ತದೆ. ಲೋಡರನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದೆ, ಅಡಗಿತು.

ಅಚ್ಚುಮೊಳೆ | ಸೋಮವಾರ, ಸಂಜೆ 5.45

ನೀಲಿಶಾಯಿ ಮೇಡಂ ಹೇಳಿದ ಹಾಗೆ ಮಾಡಿದೆ. ಮಿನ್ ಬಾಲವನ್ನೂ ಸರಿಪಡಿಸಿದೆ. ಈಗ ಪುಸ್ತಕದ ಪುಟದಲ್ಲಿ ಪೆಟ್ಟಿಗೆಯ ಮೂಲೆಯಲ್ಲಿ ಕೀಲಿಮಣೆಯ ಚಿಹ್ನೆ ಬಂತು. ಕುಣಿದಾಡುವಷ್ಟರಲ್ಲಿ ಇನ್ನೊಂದು. ಮೆನುವಿನಲ್ಲಿ ‘ಕೆಜಿಪಿ/ನುಡಿ/ಕೆಪಿ ರಾವ್’ ಆರಿಸಿದ ಕೂಡಲೇ ಕನ್ಸೋಲಿನಲ್ಲಿ ಮತ್ತೆ ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’. ಈ ಸಲ ದೋಷ ಇರುವುದು ಕೆಎನ್ ಕೆಜಿಪಿ ಎಂಬ ಫೈಲಿನಲ್ಲಿ. ನಾನು ಅದನ್ನು ಪಟ್ಟಿಯಲ್ಲಿ ಹಾಕಿಯೇ ಇಲ್ಲ.

ಬಾಳೆಕಾಯಿಬಜ್ಜಿ

ಹ್ಹ ಹ್ಹ. ನನ್ನ ಒಂದು ಸಾಲು ಹಾಕಿದ್ದರೆ ಇಷ್ಟು ಹೊತ್ತಿಗೆ ಕಾಫಿ ಕುಡಿಯುತ್ತಿದ್ದಿರಿ.

ನೀಲಿಶಾಯಿ

ಈ ಸುತ್ತು ಬಜ್ಜಿಯವರದ್ದು, ಒಪ್ಪಿಕೊಳ್ಳುತ್ತೇನೆ. ಐಎಂಇ ಪ್ರತಿ ಕೀಲಿಮಣೆಯ ನಿಯಮಗಳನ್ನು ಬೇರೆ ಬೇರೆ ಫೈಲಿನಲ್ಲಿ ಇಟ್ಟಿದೆ. ಬಳಸುವವರು ಆರಿಸಿದಾಗ ಮಾತ್ರ ಅದನ್ನು ತರಿಸುತ್ತದೆ. ಆ ಫೈಲು ಬಂದ ತಕ್ಷಣ ಹುಡುಕುವುದು ಜಾಗತಿಕ ಜೆಕ್ವೆರಿಯನ್ನು. ಅಷ್ಟು ಹೊತ್ತಿಗೆ ಸೀಟು ಖಾಲಿ.

ಆದರೂ ಟವೆಲ್ ಬೇಡ. ನಿಮಗೆ ಬೇಕಿರುವುದು ಒಂದೇ ಕೀಲಿಮಣೆ ತಾನೇ? ಕೆಎನ್ ಕೆಜಿಪಿ ಫೈಲನ್ನೂ ಮೀಡಿಯಾ ಪಟ್ಟಿಗೆ ಸೇರಿಸಿ, ಐಎಂಇ ಆದ ಮೇಲೆ, ಇನಿಟ್‌ಗಿಂತ ಮುಂಚೆ. ಅದು ಆಗಲೇ ನೋಂದಣಿಯಾಗಿಬಿಡುತ್ತದೆ. ಆಮೇಲೆ ಆರಿಸಿದಾಗ ಐಎಂಇ ‘ಇದು ಇದೆಯಲ್ಲ’ ಎಂದು ತರಿಸುವ ಗೋಜಿಗೆ ಹೋಗುವುದಿಲ್ಲ.

ಬಾಳೆಕಾಯಿಬಜ್ಜಿ

ಹತ್ತು ಕೀಲಿಮಣೆ ಬೇಕಿದ್ದರೆ ಹತ್ತು ಸಾಲು ಬರೆಯುತ್ತಿದ್ದಿರಾ?

ನೀಲಿಶಾಯಿ

ಹತ್ತು ಬೇಕಿದ್ದರೆ ನಿಮ್ಮ ಟವೆಲನ್ನೇ ಎರವಲು ಪಡೆಯುತ್ತಿದ್ದೆ. ಸಂತೋಷವೇ?

ಬಾಳೆಕಾಯಿಬಜ್ಜಿ

ಬಹಳ.

ಅಚ್ಚುಮೊಳೆ | ಮಂಗಳವಾರ, ಬೆಳಿಗ್ಗೆ 10.05

ಕೆಜಿಪಿ ನಡೆಯುತ್ತಿದೆ! ಇಂಟರ್ನೆಟ್ ತಂತಿ ಕಿತ್ತೂ ನೋಡಿದೆ, ನಡೆಯುತ್ತಿದೆ. ಸಿಡಿಎನ್‌ನ ಋಣ ತೀರಿತು.

ಇನ್ನು ಒಂದು ಚಿಕ್ಕದು. ಪುಸ್ತಕದ ಕೆಳಗೆ ಮುದ್ರಣಗಳ ಸಾಲುಗಳಿವೆ, ‘ಇನ್ನೊಂದು ಸೇರಿಸಿ’ ಒತ್ತಿದಾಗ ಬರುವ ಹೊಸ ಸಾಲಿನ ಪೆಟ್ಟಿಗೆಗೆ ಕನ್ನಡ ಬರುವುದಿಲ್ಲ. ಜಾಂಗೋ 3.2ರಲ್ಲಿದ್ದಾಗ ಬರುತ್ತಿತ್ತು. ಫಾರ್ಮ್‌ಸೆಟ್ ಆಡೆಡ್ ಘಟನೆಯನ್ನು (ಹೊಸ ಸಾಲು ಬಂದಾಗ ಅಡ್ಮಿನ್ ಕೊಡುವ ಸುದ್ದಿ) ಜೆಕ್ವೆರಿಯಲ್ಲಿ ಹಿಡಿದು ಎರಡನೆಯ ಆರ್ಗ್ಯುಮೆಂಟಿನಿಂದ ಸಾಲನ್ನು ತೆಗೆದುಕೊಳ್ಳುತ್ತಿದ್ದೆ.

ಸಾಲುಮರ

4.1ರಲ್ಲಿ ಅದು ಬ್ರೌಸರಿನ ಸ್ವಂತ ಘಟನೆಯಾಯಿತು. ಜೆಕ್ವೆರಿಗೆ ಸುದ್ದಿ ಈಗಲೂ ಮುಟ್ಟುತ್ತದೆ, ಆದರೆ ಎರಡನೆಯ ಆರ್ಗ್ಯುಮೆಂಟ್ ಬರುವುದಿಲ್ಲ. ಕೆಂಪು ಸಾಲು ಬಾರದೆ ಸುಮ್ಮನೆ ಕೆಡುವುದೂ ಉಂಟು, ಅದಕ್ಕೇ ಬೇಗ ಸಿಗುವುದಿಲ್ಲ. ಆಡ್ ಈವೆಂಟ್ ಲಿಸನರ್ ಹಾಕಿ, ಈವೆಂಟ್‌ನ ಟಾರ್ಗೆಟ್ ಎಂದರೆ ಹೊಸ ಸಾಲು. ಯಾವ ಫಾರ್ಮ್‌ಸೆಟ್ ಎಂಬುದು ಡೀಟೇಲ್‌ನೊಳಗೆ ಇರುತ್ತದೆ. ಹಾಗೆಯೇ ಪುಟ ತೆರೆದಾಗ ಪ್ರಿಫಿಕ್ಸ್ ಎಂಬ ಹೆಸರಿನ ಅಡಗಿದ ಖಾಲಿ ಸಾಲಿಗೆ ಐಎಂಇ ಹಚ್ಚಬೇಡಿ. ಅದು ಅಚ್ಚು ಮಾತ್ರ, ಅದರ ಪ್ರತಿಯೇ ಹೊಸ ಸಾಲಾಗುವುದು.

ಅಚ್ಚುಮೊಳೆ

ಆಯಿತು, ಬಂತು. ಮಧ್ಯಾಹ್ನ ಅವರನ್ನು ಕೂರಿಸಿ ತೋರಿಸಿದೆ. ಶೀರ್ಷಿಕೆ ಹೊಡೆದರು, ವಿವರಣೆ ಹೊಡೆದರು, ತಲೆಯಾಡಿಸಿದರು. ಆಮೇಲೆ ಲೇಖಕರ ಪಟ್ಟಿ ತೆರೆದು ಅದರ ಹುಡುಕುವ ಪೆಟ್ಟಿಗೆಯಲ್ಲಿ ಹೊಡೆದರು. ಇಂಗ್ಲಿಷ್. ನನ್ನ ಮುಖ ನೋಡಿದರು. ಅದು ನನ್ನ ವಿಜೆಟ್ ಅಲ್ಲ, ಸೆಲೆಕ್ಟ್2ರದ್ದು ಎಂದು ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ನೀಲಿಶಾಯಿ

ಆ ಪೆಟ್ಟಿಗೆ ಪಟ್ಟಿ ತೆರೆದಾಗ ಮಾತ್ರ ಪುಟಕ್ಕೆ ಬರುತ್ತದೆ, ಹಾಗಾಗಿ ಮೊದಲೇ ಹಚ್ಚಲು ಆಗುವುದಿಲ್ಲ. ಡಾಕ್ಯುಮೆಂಟ್ ಮೇಲೆ ‘ಸೆಲೆಕ್ಟ್2 ಓಪನ್’ ಘಟನೆಗೆ ಕಾದಿದ್ದು, ಆಗ ಸೆಲೆಕ್ಟ್2 ಸರ್ಚ್ ಫೀಲ್ಡ್ ಎಂಬ ಕ್ಲಾಸ್ ಇರುವ ಪೆಟ್ಟಿಗೆ ಹುಡುಕಿ ಐಎಂಇ ಹಚ್ಚಿ. ಎಚ್ಚರ: ಇದು ಸಾಲುಮರ ಅವರು ಹೇಳಿದ್ದಕ್ಕೆ ತದ್ವಿರುದ್ಧ. ಸೆಲೆಕ್ಟ್2ರ ಘಟನೆಗಳನ್ನು ಎಬ್ಬಿಸುವುದು ಜೆಕ್ವೆರಿ. ಆಡ್ ಈವೆಂಟ್ ಲಿಸನರ್‌ಗೆ ಅವು ಕೇಳಿಸುವುದೇ ಇಲ್ಲ. ಜಾಂಗೋ.ಜೆಕ್ವೆರಿಯಿಂದಲೇ ಹಿಡಿಯಬೇಕು. ಬೇರೆ ಜೆಕ್ವೆರಿಯಿಂದ ಹಿಡಿದರೂ ಕೇಳಿಸದು.

ತೆಂಗಿನಗರಿ

ಒಂದು ಪುಟದಲ್ಲಿ ಒಂದು ಘಟನೆ ಹೀಗೆ, ಇನ್ನೊಂದು ಹಾಗೆ. ಇದಕ್ಕೇ ಜೆಕ್ವೆರಿ ಬಿಡಿ ಎಂದದ್ದು.

ಹಳೆಹುಲಿ

ನೀವು ಬಿಡಿ ಸ್ವಾಮಿ, ಅಡ್ಮಿನ್ ಬಿಡಬೇಕಲ್ಲ.

ಅಚ್ಚುಮೊಳೆ | ಬುಧವಾರ, ಮಧ್ಯಾಹ್ನ 3.30

ಹುಡುಕುವ ಪೆಟ್ಟಿಗೆಯಲ್ಲೂ ಕನ್ನಡ ಬಂತು. ಎಲ್ಲರಿಗೂ ಕೃತಜ್ಞತೆಗಳು, ಬಜ್ಜಿಯವರಿಗೂ ಸೇರಿ. ಬೆಳಿಗ್ಗೆಯಿಂದ ಅವರು ಇಪ್ಪತ್ತಮೂರು ಪುಸ್ತಕ ಸೇರಿಸಿದ್ದಾರೆ, ನನ್ನನ್ನು ಒಮ್ಮೆಯೂ ಕರೆದಿಲ್ಲ. ಈಗಷ್ಟೇ ಬಂದು, ಕಂಟ್ರೋಲ್ ಎಂ ಒತ್ತುವುದು ಏಕೆ, ನುಡಿಯಲ್ಲಿ ಇರುವ ಹಾಗೆ ಸ್ಕ್ರೋಲ್ ಲಾಕ್ ಮಾಡಿಕೊಡಲು ಆಗುವುದಿಲ್ಲವೇ ಎಂದು ಕೇಳಿ ಹೋದರು.

ಗೋಲಿಸೋಡಾ

ಹೊಸ ಚರ್ಚೆ ತೆರೆಯಿರಿ.